ಕೈಬರಹದ ‘ಠೇವಣಿ’: ಚುನಾವಣೆ ಹೊತ್ತಿನಲ್ಲಿ ನಾವು ಗೋಡೆ ಪತ್ರಿಕೆ ನಡೆಸಿದ್ದು

2023ರ ಮಾರ್ಚ್ 29ರಂದು ಕರ್ನಾಟಕದ ವಿಧಾನಸಭೆ ಚುನಾವಣೆ ಘೋಷಣೆ ಆಯಿತು. ನಾನಾಗ ದಾವಣಗೆರೆಯಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಅವತ್ತು ಸಂಜೆ ನಾವು ನಾಲ್ಕು ಜನ ಹಾಸ್ಟೆಲ್ ಕಡೆ ನಡೆದು ಬರುತ್ತಿದ್ದಾಗ, ಏಣಿ ಹಾಕಿಕೊಂಡು ಇಬ್ಬರು ಕೆಲಸದವರು ಸರ್ಕಾರಿ ಜಾಹೀರಾತುಗಳ ಮೇಲೆ ಕಾಗದ ಅಂಟಿಸುತ್ತಿದ್ದರು. ನೀತಿ ಸಂಹಿತೆ ಜಾರಿಯಾಗಿತ್ತು. ಒಂದೊಂದೇ ಮುಖ ಮುಚ್ಚಿ ಹೋಗುತ್ತಿತ್ತು. ನಮ್ಮ ಜಗಳೂರಿನವನು ನಿಂತು ನೋಡಿ, "ಲೇ, ಇಷ್ಟು ದಿನ ಇವರು ನಮ್ಮನ್ನೇ ನೋಡ್ತಿದಾರೆ ಅನ್ಕೊಂಡಿದ್ದೆ. ಈಗ ಕಣ್ಣು ಮುಚ್ಚಿದ ಮೇಲೂ ಏನೂ ವ್ಯತ್ಯಾಸ ಆಗಲಿಲ್ಲವಲ್ಲ" ಅಂದ.

ಆ ಮಾತನ್ನು ರಾತ್ರಿ ಒಂದು ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡದಾಗಿ ಬರೆದು ಮೆಸ್ಸಿನ ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ ತಿಂಡಿಗೆ ಬಂದವರೆಲ್ಲ ತಟ್ಟೆ ಹಿಡಿದು ನಿಂತು ಓದಿದರು. ನಮ್ಮ ಗೋಡೆ ಪತ್ರಿಕೆ ಶುರುವಾಗಿದ್ದು ಹೀಗೆ. ಹೆಸರು ‘ಠೇವಣಿ’ ಅಂತ ಇಟ್ಟೆವು. ವಿಧಾನಸಭೆಗೆ ನಿಲ್ಲುವವರು 10,000 ರೂಪಾಯಿ ಠೇವಣಿ ಕಟ್ಟಬೇಕು, ಪರಿಶಿಷ್ಟ ಜಾತಿ ಪಂಗಡದವರಿಗೆ 5,000. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗವೂ ಬರದೆ ಸೋತರೆ ಅದು ಹೋಯಿತು. ನಾವು ಇದೇ ನಿಯಮವನ್ನು ಭಾಷಣಗಳಿಗೆ ಹಾಕೋಣ ಅಂದುಕೊಂಡೆವು. ಯಾವ ಭರವಸೆ ನಾಲ್ಕು ಪ್ರಶ್ನೆ ತಡೆಯೋದಿಲ್ಲವೋ ಅದರ ಠೇವಣಿ ಜಪ್ತಿ.

ದಾವಣಗೆರೆ ಇದಕ್ಕೆ ತಕ್ಕ ಊರು. ರಾಜ್ಯದ ನಡುವಿನಲ್ಲಿದೆ, ಬಸ್ಸಿಗೂ ರೈಲಿಗೂ ಸಲೀಸು, ಹಾಗಾಗಿ ದೊಡ್ಡ ಸಮಾವೇಶ ಅಂದರೆ ಎಲ್ಲ ಪಕ್ಷದವರಿಗೂ ಈ ಊರೇ ನೆನಪಾಗುತ್ತದೆ. 2022ರ ಆಗಸ್ಟ್ 3ರಂದು ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬದ ಸಮಾವೇಶ ಇಲ್ಲೇ ನಡೆದಿತ್ತು. ಚುನಾವಣೆ ಘೋಷಣೆಗೆ ನಾಲ್ಕೇ ದಿನ ಮೊದಲು, ಮಾರ್ಚ್ 25ಕ್ಕೆ ಪ್ರಧಾನಿ ಮೋದಿಯವರೂ ಬಂದು ಹೋಗಿದ್ದರು. ಎರಡೂ ಸಲ ಊರು ತುಂಬ ಫ್ಲೆಕ್ಸು, ಎರಡೂ ಸಲ ನಾವು ಬಸ್ಸಿಲ್ಲದೆ ನಡೆದೇ ಹೋಗಿದ್ದೆವು. ಇಷ್ಟು ಹತ್ತಿರದಿಂದ ನೋಡಿದ ಮೇಲೂ ಸುಮ್ನೆ ಇರೋದು ನಮ್ಮ ಕೈಲಿ ಆಗುತ್ತಿರಲಿಲ್ಲ.

ನಾಲ್ಕು ಜನರಲ್ಲಿ ಒಬ್ಬೊಬ್ಬರ ಕೆಲಸ ಒಂದೊಂದು. ಜಗಳೂರಿನವನ ಬಾಯಿಗೆ ಮಾತು ತಾನಾಗಿ ಬರುತ್ತಿತ್ತು. ಹೊನ್ನಾಳಿಯವಳ ಅಕ್ಷರ ಮುತ್ತು. ಹರಿಹರದ ಕಾಮರ್ಸ್ ಹುಡುಗನಿಗೆ ಅಂಕಿ ಅಂದರೆ ಪ್ರಾಣ. ಬೇರೆಯವರು ಹೇಳಿದ್ದು ನಿಜವೋ ಸುಳ್ಳೋ ಅಂತ ಹುಡುಕುವುದು ನನ್ನ ಪಾಲಿಗೆ ಬಂತು. ನಮ್ಮ ನಾಲ್ವರ ರಾಜಕೀಯ ಒಂದೇ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಪತ್ರಿಕೆ ಉಳಿದದ್ದೇ ಅದರಿಂದ. ಒಬ್ಬ ಬರೆದ ಸಾಲು ಇನ್ನೊಂದು ಪಕ್ಷದ ಕಡೆ ಒಲವಿದ್ದವನನ್ನೂ ನಗಿಸಬೇಕಿತ್ತು. ಅವನು ನಗದಿದ್ದರೆ ಆ ಸಾಲು ಗೋಡೆಗೆ ಹೋಗುತ್ತಿರಲಿಲ್ಲ.

ಆದರೆ ಮೊದಲ ವಾರ ನಾವು ತಪ್ಪು ಮಾಡಿದೆವು. ಒಬ್ಬ ಅಭ್ಯರ್ಥಿ ಎಂಟನೇ ಕ್ಲಾಸು ಓದಿದವರು ಅಂತ ಗೊತ್ತಾಗಿ, ಅದರ ಮೇಲೆ ಆರು ಸಾಲು ಬರೆದು ಅಂಟಿಸಿದೆವು. ಮೆಸ್ಸಿನಲ್ಲಿ ಆವರೆಗಿನ ಎಲ್ಲಕ್ಕಿಂತ ಜಾಸ್ತಿ ನಗು ಬಂದದ್ದು ಅದಕ್ಕೇ. ರೊಟ್ಟಿ ಬಡಿಯುವ ಅಕ್ಕ ಒಳಗಿನಿಂದ ಬಂದು, "ಏನ್ ಬರ್ದೀರಪ್ಪಾ, ನನಗೂ ಓದಿ ಹೇಳ್ರಿ, ನಾನೂ ನಗ್ತೀನಿ" ಅಂದರು. ನಾನೇ ಓದಿದೆ. ಅವರು ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ನಾ ಓದಿದ್ದು ನಾಕನೇತ್ತ. ಮತ್ತೆ ನನಗೂ ಹಿಂಗೇ ನಗ್ತೀರೇನು?" ಅಂತ ಕೇಳಿದರು. ಕೋಪ ಇರಲಿಲ್ಲ ಅವರ ದನಿಯಲ್ಲಿ. ನಿಜವಾಗಿ ಕೇಳುತ್ತಿದ್ದರು. ನನಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಮಧ್ಯಾಹ್ನ ಆ ಹಾಳೆ ತೆಗೆದೆವು, ಹೋಗಿ ಅಕ್ಕನ ಹತ್ತಿರ ತಪ್ಪಾಯಿತು ಅಂದೆವು.

ಅವತ್ತು ರಾತ್ರಿ ಎರಡು ಗಂಟೆವರೆಗೆ ಮಾತಾಡಿ ಒಂದು ಗೆರೆ ಹಾಕಿಕೊಂಡೆವು. ಒಬ್ಬರ ಮೈ, ಜಾತಿ, ಮನೆಯವರು, ಮಾತಿನ ತೊದಲು, ಓದು, ಇಂಗ್ಲಿಷ್ ಬರುತ್ತೋ ಇಲ್ಲವೋ, ಇವುಗಳ ತಂಟೆಗೆ ಹೋಗೋದಿಲ್ಲ. ಅವರು ಮೈಕಿನಲ್ಲಿ ಹೇಳಿದ್ದು, ಸಹಿ ಹಾಕಿ ಕೊಟ್ಟದ್ದು, ಅಧಿಕಾರದಲ್ಲಿದ್ದಾಗ ಮಾಡಿದ್ದು ಮಾಡದೆ ಬಿಟ್ಟದ್ದು, ಇವನ್ನು ಬಿಡೋದಿಲ್ಲ. ಕೇಳೋದಕ್ಕೆ ಸುಲಭ. ಮಾಡುವಾಗ ಗೊತ್ತಾಗುತ್ತದೆ, ನಮ್ಮ ನಾಲಿಗೆ ಮೇಲೆ ರೆಡಿ ಇರುವ ಜೋಕುಗಳಲ್ಲಿ ಮುಕ್ಕಾಲು ಪಾಲು ಮೊದಲನೇ ಬಗೆಯವೇ. ಅವನ್ನು ತೆಗೆದುಹಾಕಿದ ಮೇಲೆ ಏನು ಬರೆಯಬೇಕು ಅಂತ ತೋಚದೆ ಮೂರು ದಿನ ಪತ್ರಿಕೆ ಬರಲೇ ಇಲ್ಲ.

ದಾರಿ ಸಿಕ್ಕಿದ್ದು ಅಫಿಡವಿಟ್‌ಗಳಲ್ಲಿ. ಏಪ್ರಿಲ್ 13ರಿಂದ 20ರವರೆಗೆ ನಾಮಪತ್ರ ಸಲ್ಲಿಕೆ ಇತ್ತು. ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣ ಪತ್ರ ಕೊಡಲೇಬೇಕು. ಆಸ್ತಿ, ಸಾಲ, ಐದು ವರ್ಷದ ಆದಾಯ, ಕೇಸುಗಳು, ಕಸುಬು ಎಲ್ಲ ಅದರಲ್ಲಿರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ನಾನು ಓದಿದ ಮೊದಲ ಅಫಿಡವಿಟ್ಟಿನಲ್ಲಿ ವಾಹನದ ಜಾಗದಲ್ಲಿ ‘ಇಲ್ಲ’ ಅಂತ ಇತ್ತು. ಹಿಂದಿನ ದಿನ ಅದೇ ಅಭ್ಯರ್ಥಿಯ ಮೆರವಣಿಗೆಗೆ ದಾರಿ ಬಿಡಲು ನಾವು ರಸ್ತೆ ಬದಿ ಬಿಸಿಲಲ್ಲಿ ನಿಂತಿದ್ದೆವು. ಎರಡನ್ನೂ ಪಕ್ಕ ಪಕ್ಕ ಬರೆದೆವು ಅಷ್ಟೇ: "ಸ್ವಂತ ವಾಹನ: ಇಲ್ಲ. ನಿನ್ನೆ ನಾವು ದಾರಿ ಬಿಟ್ಟದ್ದು: ಎಣಿಸಲಾಗಲಿಲ್ಲ." ಇದರಲ್ಲಿ ನಮ್ಮ ಬೈಗುಳ ಒಂದೂ ಇಲ್ಲ. ಓದಿದವರು ತಾವೇ ನಕ್ಕರು, ತಾವೇ ಪ್ರಶ್ನೆ ಕೇಳಿದರು. ರೊಟ್ಟಿ ಅಕ್ಕನೂ ನಕ್ಕರು. "ಗಾಡಿ ಇಲ್ಲದವರು ನಾವು, ನಡೆದು ಬರ್ತೀವಿ" ಅಂದರು. ಆ ಮಾತನ್ನು ಮಾರನೇ ದಿನ ಅವರನ್ನೇ ಕೇಳಿ ಶೀಟಿನ ಮೇಲೆ ಹಾಕಿದೆವು.

ಆಮೇಲೆ ನಮಗೆ ಸಾಮಗ್ರಿಗೆ ಬರ ಬರಲಿಲ್ಲ. ನಾವು ಸಭೆಗಳಿಗೆ ಹೋಗುತ್ತಿದ್ದೆವು, ಮೂರೂ ಪಕ್ಷದ ಸಭೆಗಳಿಗೆ. ನೋಟ್ ಬುಕ್ಕಿನಲ್ಲಿ ಮಾತನ್ನು ಹಾಗೇ ಬರೆದುಕೊಳ್ಳುತ್ತಿದ್ದೆವು. ನೆನಪಿನಿಂದ ಬರೆದರೆ ಮಾತು ನಮಗೆ ಬೇಕಾದ ಹಾಗೆ ತಿರುಗಿಬಿಡುತ್ತದೆ. ನನಗೆ ಇದು ಎರಡು ಸಲ ಆಗಿತ್ತು, ವಿಡಿಯೊ ಹಾಕಿ ನೋಡಿದರೆ ಆ ನಾಯಕರು ಹೇಳಿದ್ದು ನಾನು ಅಂದುಕೊಂಡಷ್ಟು ಕೆಟ್ಟದಾಗಿ ಇರಲೇ ಇಲ್ಲ. ಕಾಮರ್ಸ್ ಹುಡುಗ ಸಭೆಯಲ್ಲಿ ಮಾತು ಕೇಳುತ್ತಲೇ ಇರಲಿಲ್ಲ, ಕುರ್ಚಿ ಎಣಿಸುತ್ತಿದ್ದ. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ, ಕುರ್ಚಿ ಶಾಮಿಯಾನ ಊಟಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿ ದರ ಗೊತ್ತು ಮಾಡಿರುತ್ತಾರೆ. ಅವನು ಗುಣಾಕಾರ ಮಾಡಿ ಉತ್ತರದ ಜಾಗ ಖಾಲಿ ಬಿಡುತ್ತಿದ್ದ. ಓದಿದವರು ಪೆನ್ನು ತೆಗೆದು ತುಂಬಬೇಕು. ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ ಅಂತ ಅವನಿಂದಲೇ ನಮಗೆ ಗೊತ್ತಾದದ್ದು. ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ ಅದು.

ಭರವಸೆಗಳ ಬಗ್ಗೆ ಬರೆದದ್ದೇ ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದು. ಕಾಂಗ್ರೆಸ್ಸಿನವರು ಮಾರ್ಚ್ 20ಕ್ಕೆ ಬೆಳಗಾವಿಯಲ್ಲಿ ಯುವನಿಧಿ ಘೋಷಿಸಿದ್ದರು, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ನಾವೇ ಅದರ ಫಲಾನುಭವಿಗಳು ಆಗುವವರು. "ಕೆಲಸ ಸಿಗದಿದ್ದರೆ 3,000. ಸಿಗೋ ಹಾಗೆ ಮಾಡೋದಕ್ಕೆ ಎಷ್ಟು?" ಅಂತ ಜಗಳೂರಿನವನು ಬರೆದ. ಬಿಜೆಪಿಯ ಪ್ರಣಾಳಿಕೆ ಮೇ 1ಕ್ಕೆ ಬಂತು. ಬಿಪಿಎಲ್ ಮನೆಗಳಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶನ ಹಬ್ಬ, ದೀಪಾವಳಿಗೆ ಒಂದೊಂದು ಸಿಲಿಂಡರ್. "ಹಾಲು ದಿನಾ ಬರುತ್ತೆ, ಗ್ಯಾಸು ಹಬ್ಬಕ್ಕೆ ಬರುತ್ತೆ. ನಡುವೆ ಹಾಲು ಕಾಯಿಸೋದು ಹೆಂಗೆ?" ಇದು ಮೆಸ್ಸಿನ ಒಲೆ ಮುಂದೆ ನಿಂತಾಗ ಹುಟ್ಟಿದ ಸಾಲು. ಜೆಡಿಎಸ್‌ನ ಕುಮಾರಸ್ವಾಮಿಯವರು ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ಕೊಡುತ್ತೇವೆ ಅಂದಿದ್ದರು. ಹೊನ್ನಾಳಿಯವಳು ಅವತ್ತು ಯಾರಿಗೂ ಬರೆಯಲು ಬಿಡಲಿಲ್ಲ, ತಾನೇ ಬರೆದಳು: "ನಾನೂ ರೈತರ ಮಗಳು. ನಮ್ಮಪ್ಪನ ಅಡಿಕೆ ತೋಟದ ಬೋರ್‌ವೆಲ್ಲಿಗೆ ನೀರು ಬಂದರೆ ನಮ್ಮಣ್ಣನಿಗೆ ಹೆಣ್ಣು ತಾನಾಗೇ ಸಿಗುತ್ತೆ." ಹುಡುಗಿಯರ ಹಾಸ್ಟೆಲ್ಲಿನಲ್ಲಿ ಈ ಹಾಳೆ ಎರಡು ವಾರ ಕೆಳಗಿಳಿಯಲಿಲ್ಲ.

ಇಲ್ಲಿ ಒಂದು ಮಾತು. ಈ ಭರವಸೆಗಳು ಬೇಡ ಅಂತ ನಾವು ಬರೆಯಲಿಲ್ಲ. ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡ್ತಾರೆ ಅನ್ನುವ ಮಾತು ಆಗ ಎಲ್ಲೆಲ್ಲೂ ಇತ್ತು, ಅದನ್ನು ಬರೆಯೋಣ ಅಂತ ನಮ್ಮಲ್ಲೇ ಒಬ್ಬರು ಅಂದಿದ್ದರು. ದಿನಾ ಊರಿಂದ ಬಸ್ ಚಾರ್ಜು ಕೊಟ್ಟು ಬರುವ ಹುಡುಗಿಯರನ್ನು, ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿಯುವವರನ್ನು ನೋಡಿಕೊಂಡು ಆ ಮಾತು ಬರೆಯಲು ಕೈ ಏಳಲಿಲ್ಲ. ಕೊಡುವವನ ಮಾತಿನಲ್ಲಿ ತೂತಿದ್ದರೆ ತೋರಿಸೋಣ, ತಗೊಳ್ಳುವವರನ್ನು ನೋಡಿ ನಗೋದು ಬೇಡ ಅಂತ ಗೆರೆಗೆ ಇನ್ನೊಂದು ಸೇರಿಸಿದೆವು.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಇಂಥದ್ದು ಮಾಡಬೇಕು ಅನ್ನುವವರಿಗೆ ಇದು ಬೇಕೇ ಬೇಕು. ಏಪ್ರಿಲ್ ನಡುವಿನಲ್ಲಿ ಪತ್ರಿಕೆಗೆ ಬೇಡಿಕೆ ಬಂತು, ಬೇರೆ ಹಾಸ್ಟೆಲ್ಲಿನವರು ಕೇಳಿದರು. ಜೆರಾಕ್ಸ್ ಮಾಡಿಸಲು ಹೊರಟಿದ್ದೆವು. ನಮ್ಮ ರಾಜ್ಯಶಾಸ್ತ್ರದ ಸರ್ ಕರೆದು ಕೂರಿಸಿ, "127ಎ ಓದಿದೀರಾ?" ಅಂದರು. ಜನತಾ ಪ್ರಾತಿನಿಧ್ಯ ಕಾಯ್ದೆ 1951ರ ಕಲಂ ಅದು. ಅಭ್ಯರ್ಥಿಗೆ ಅನುಕೂಲ ಆಗುವ ಇಲ್ಲವೇ ತೊಂದರೆ ಆಗುವ ಕರಪತ್ರ, ಪೋಸ್ಟರ್ ಅಚ್ಚು ಹಾಕಿದರೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಅದರ ಮೇಲೆ ಇರಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರತಿ ಮಾಡುವ ಯಾವ ವಿಧಾನವಾದರೂ ಅಚ್ಚು ಹಾಕಿದ ಲೆಕ್ಕವೇ, ಕೈಯಲ್ಲಿ ನಕಲು ಬರೆಯೋದು ಒಂದನ್ನು ಬಿಟ್ಟು. ಸರ್ ಆ ಸಾಲನ್ನು ಎರಡು ಸಲ ಓದಿಸಿದರು. ಅಭ್ಯರ್ಥಿಯ ಸ್ವಂತ ನಡತೆ ಬಗ್ಗೆ ಸುಳ್ಳು ಬರೆದರೆ ಮಾತ್ರ ಕೈಬರಹವಾದರೂ ಅಪರಾಧ, ಅದು ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕಲಂ 171ಜಿ.

ಅವತ್ತಿನಿಂದ ಜೆರಾಕ್ಸ್ ಬಿಟ್ಟೆವು. ಪ್ರತಿ ರಾತ್ರಿ ಊಟ ಆದ ಮೇಲೆ ಮೆಸ್ಸಿನ ಬೆಂಚಿನ ಮೇಲೆ ಶೀಟು ಹರಡಿ ಕೈಯಲ್ಲೇ ನಕಲು ಬರೆಯುತ್ತಿದ್ದೆವು. ಮೊದಲು ನಾವು ನಾಲ್ವರು, ಆಮೇಲೆ ಫಸ್ಟ್ ಇಯರ್ ಹುಡುಗರು ಬಂದು ಕೂತರು, ಕೊನೆಗೆ ಹದಿನೈದು ಜನ ಆದರು. ನಕಲು ಬರೆಯುವವರು ಸುಮ್ನೆ ಬರೆಯುವುದಿಲ್ಲ. "ಅಣ್ಣಾ, ಈ 40 ಲಕ್ಷ ಅಂದ್ರೇನು?", "ಈ ಮಾತು ಅವರು ಎಲ್ಲಿ ಹೇಳಿದ್ರು?" ಅಂತ ಕೇಳುತ್ತಾರೆ. ನಾನು ಉತ್ತರ ಹುಡುಕಬೇಕು. ಒಬ್ಬ ಹುಡುಗ ನಮ್ಮ ಅಂಕಿಯೊಂದು ತಪ್ಪಾಗಿದೆ ಅಂತ ಹಿಡಿದ, ಅವತ್ತಿನ ಐದೂ ಶೀಟು ಹರಿದು ಮತ್ತೆ ಬರೆದೆವು. ಆ ರಾತ್ರಿಗಳಲ್ಲಿ ನಾವು ಕಲಿತದ್ದು ಮೂರು ವರ್ಷದ ಕ್ಲಾಸಿಗಿಂತ ಜಾಸ್ತಿ ಅಂತ ನನಗೆ ಅನಿಸುತ್ತದೆ. ಜೆರಾಕ್ಸ್ ಮಾಡಿಸಿದ್ದರೆ ಅವು ಆಗುತ್ತಲೇ ಇರಲಿಲ್ಲ.

ಅಂಟಿಸೋದಕ್ಕೆ ಸಾರ್ವಜನಿಕ ಗೋಡೆ ಮುಟ್ಟಲಿಲ್ಲ. ಮೆಸ್ಸು, ಎರಡು ಹಾಸ್ಟೆಲ್ಲು, ಮಂಡಕ್ಕಿ ಮಿರ್ಚಿ ಅಂಗಡಿ, ಒಂದು ಟೀ ಅಂಗಡಿ, ಅಷ್ಟೇ, ಅದೂ ಮಾಲೀಕರನ್ನು ಕೇಳಿ. ಟೀ ಅಂಗಡಿಯಲ್ಲಿ ಒಂದು ದಿನ ಒಂದು ಪಕ್ಷದ ಶಾಲು ಹೊದ್ದ ಹುಡುಗರು ಬಂದು ಹಾಳೆ ಹರಿದು ಹಾಕಿದರು. ಅಂಗಡಿ ಅಣ್ಣನಿಗೆ ಹೆದರಿಕೆ, ನಮಗೂ ಹೆದರಿಕೆ. ಮಾರನೇ ದಿನ ಹರಿದ ಹಾಳೆಯನ್ನೇ ಮತ್ತೆ ಬರೆದು, ಪಕ್ಕದಲ್ಲಿ ಎದುರು ಪಕ್ಷದ ಬಗ್ಗೆ ಬರೆದದ್ದನ್ನೂ ಅದೇ ಅಳತೆಯಲ್ಲಿ ಅಂಟಿಸಿ ಬಂದೆವು. ಹರಿದವರಲ್ಲಿ ಒಬ್ಬ ಬಂದ. ಎದುರು ಪಕ್ಷದ್ದನ್ನು ಓದಿ ನಕ್ಕು ಫೋಟೊ ಹೊಡೆದುಕೊಂಡ. ಆಮೇಲೆ ತಮ್ಮದನ್ನೂ ಓದಿದ, ಹರಿಯಲಿಲ್ಲ. ಟೀ ಕುಡಿದು, "ಇದು ಖರೇನಾ?" ಅಂತ ಅಂಗಡಿಯವರನ್ನು ಕೇಳಿ ಹೋದನಂತೆ. ನನಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ.

ಫೋಟೊಗಳಿಂದ ಮಾತ್ರ ತೊಂದರೆ ಆಯಿತು. ಯಾರೋ ನಮ್ಮ ಶೀಟಿನ ಮೇಲರ್ಧ ಮಾತ್ರ ಕತ್ತರಿಸಿ ವಾಟ್ಸಾಪಿನಲ್ಲಿ ಬಿಟ್ಟರು. ಒಂದೇ ಪಕ್ಷವನ್ನು ಬೈದ ಹಾಗೆ ಕಾಣುತ್ತಿತ್ತು. ಪ್ರಿನ್ಸಿಪಾಲರಿಂದ ಕರೆ ಬಂತು, ಬೈಸಿಕೊಂಡೆವು. ತಾರೀಖು, ಭಾಷಣದ ಊರು, ಮಾತಿನ ಮೂಲ ಎಲ್ಲವನ್ನೂ ನಾವು ಕೆಳಗಿನ ಮೂಲೆಯಲ್ಲಿ ಬರೆಯುತ್ತಿದ್ದೆವು, ತಪ್ಪು ಅಲ್ಲಿತ್ತು. ಆಮೇಲೆ ಅದನ್ನು ಹಾಳೆಯ ನಟ್ಟನಡುವೆ, ಎರಡು ಸಾಲಿನ ಮಧ್ಯದಲ್ಲೇ ಬರೆಯಲು ಶುರು ಮಾಡಿದೆವು. ಕತ್ತರಿಸಿದರೆ ಜೋಕೂ ಕತ್ತರಿಸಿ ಹೋಗಬೇಕು ಹಾಗೆ.

ನಮಗೆ ತುಂಬ ಇಷ್ಟವಾದ ಸಂಚಿಕೆ ಪ್ರಶ್ನೆಪತ್ರಿಕೆ ಥರ ಮಾಡಿದ್ದು. ಸಮಯ: ಐದು ವರ್ಷ, ಅಂಕಗಳು: 224. ಅದರಲ್ಲಿ ‘ಹೊಂದಿಸಿ ಬರೆಯಿರಿ’ ಅಂತ ಒಂದು ಪ್ರಶ್ನೆ. ‘ಅ’ ಪಟ್ಟಿಯಲ್ಲಿ ನಾಯಕರು, ‘ಆ’ ಪಟ್ಟಿಯಲ್ಲಿ ಪಕ್ಷಗಳು. 2019ರಲ್ಲಿ ಪಕ್ಷಾಂತರದ ಕಾರಣಕ್ಕೆ 17 ಶಾಸಕರು ಅನರ್ಹರಾಗಿ ಆಮೇಲೆ ಉಪಚುನಾವಣೆ ಕಂಡದ್ದನ್ನು ನಾವು ಪಿಯುಸಿ ಓದುವ ಹೊತ್ತಲ್ಲಿ ನೋಡಿದ್ದೆವು. ಈ ಸಲ ಟಿಕೆಟ್ ಪಟ್ಟಿ ಬಂದ ಮೇಲೆ ಏಪ್ರಿಲ್ 14ಕ್ಕೆ ಬಿಜೆಪಿಯಲ್ಲಿದ್ದ ಲಕ್ಷ್ಮಣ ಸವದಿ ಕಾಂಗ್ರೆಸ್ ಸೇರಿದರು, 17ಕ್ಕೆ ಅದೇ ಪಕ್ಷದ ಮಾಜಿ ಮುಖ್ಯಮಂತ್ರಿ ಜಗದೀಶ್ ಶೆಟ್ಟರ್ ಸೇರಿದರು. ನಾವು ಹಾಳೆ ಬರೆದು ಒಣಗುವ ಹೊತ್ತಿಗೆ ಉತ್ತರ ಬದಲಾಗಿರುತ್ತಿತ್ತು. ಹೊನ್ನಾಳಿಯವಳು ಒಂದು ಉಪಾಯ ಮಾಡಿದಳು. ಪಕ್ಷಗಳ ‘ಆ’ ಪಟ್ಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು, ಹಾಳೆಯ ಪಕ್ಕ ದಾರ ಕಟ್ಟಿ ಒಂದು ಪೆನ್ಸಿಲ್ಲು ಒಂದು ರಬ್ಬರು ತೂಗುಹಾಕಿದಳು. ಕೆಳಗೆ "ದಯವಿಟ್ಟು ದಿನಾ ತಿದ್ದಿರಿ" ಅಂತ. ಜನ ನಿಜಕ್ಕೂ ತಿದ್ದಿದರು. ಬೆಳಿಗ್ಗೆ ಪೇಪರ್ ಓದಿ ಬಂದು ತಿದ್ದುತ್ತಿದ್ದರು.

ಮೇ ಮೊದಲ ವಾರ ಕಷ್ಟವಾಯಿತು. ಭಾಷಣಗಳ ದಿಕ್ಕು ಬದಲಾಗಿ, ದೇವರು ಧರ್ಮದ ಮಾತು ಹೆಚ್ಚಾಯಿತು. ನಮ್ಮ ನಾಲ್ವರಲ್ಲೇ ಜೋರು ಜಗಳ ಬಂತು. ಒಬ್ಬ ಎದ್ದು ಹೋದ. ರಾತ್ರಿ ನಾನೇ ಹೋಗಿ ಕರೆದು ತಂದೆ. ಎಲ್ಲರೂ ಒಪ್ಪುವ ಸಾಲು ಒಂದೂ ಹುಟ್ಟಲಿಲ್ಲ, ಹಾಗಾಗಿ ಅವತ್ತಿನ ಹಾಳೆಯಲ್ಲಿ ಏಪ್ರಿಲ್‌ನಲ್ಲಿ ನಾವು ಕೇಳಿದ್ದ ಪ್ರಶ್ನೆಗಳನ್ನೇ ಪಟ್ಟಿ ಮಾಡಿ, ಉತ್ತರ ಬರದೆ ಇದ್ದವಕ್ಕೆ ಸುತ್ತು ಹಾಕಿದೆವು. ಬೋರ್‌ವೆಲ್ಲು, ಬಸ್ಸು, ಖಾಲಿ ಇರುವ ಲೆಕ್ಚರರ್ ಹುದ್ದೆ. ನಗು ಬರಲಿಲ್ಲ ಅದಕ್ಕೆ. ಆದರೂ ನಾನು ಮತ್ತೊಮ್ಮೆ ಮಾಡಿದರೆ ಅದನ್ನೇ ಮಾಡುತ್ತೇನೆ.

ಮೇ 8ರ ಸಂಜೆ ಬಹಿರಂಗ ಪ್ರಚಾರ ಮುಗಿಯಿತು. ನಾವೂ ಎಲ್ಲ ಹಾಳೆ ತೆಗೆದೆವು. ಅದರ ಜಾಗದಲ್ಲಿ ಮತ ಹಾಕಲು ತೋರಿಸಬಹುದಾದ ದಾಖಲೆಗಳ ಪಟ್ಟಿ ಅಂಟಿಸಿದೆವು. ವೋಟರ್ ಐಡಿ ಇಲ್ಲದಿದ್ದರೆ ಬೇರೆ 12 ದಾಖಲೆಗಳಲ್ಲಿ ಒಂದು ಸಾಕು, ಕಾಲೇಜು ಐಡಿ ಮಾತ್ರ ನಡೆಯೋದಿಲ್ಲ. ಏಪ್ರಿಲ್ 1ಕ್ಕೆ 18 ತುಂಬಿದವರಿಗೂ ಆ ಸಲ ಅವಕಾಶ ಇತ್ತು, ನಮ್ಮ ಜೊತೆ ನಕಲು ಬರೆಯುತ್ತಿದ್ದ ಇಬ್ಬರು ಹಾಗೆ ಹೆಸರು ಸೇರಿಸಿಕೊಂಡಿದ್ದರು. 10ರ ಮತದಾನಕ್ಕೆ ಊರಿಗೆ ಹೊರಟವರಿಂದ 9ರ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆ ಇಬ್ಬರಲ್ಲೊಬ್ಬ ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡೇ ಊರಿಗೆ ಹೋದ.

13ಕ್ಕೆ ಫಲಿತಾಂಶ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತರು, ಸವದಿ ಅಥಣಿಯಲ್ಲಿ ಗೆದ್ದರು. ಕೊನೆಯ ಹಾಳೆ ಬರೆದು ನಾವು ಪರೀಕ್ಷೆಗೆ ಕೂತೆವು.

ಯುವನಿಧಿ ಹಣ 2024ರ ಜನವರಿ 12ಕ್ಕೆ ಶಿವಮೊಗ್ಗದಲ್ಲಿ ಶುರುವಾಯಿತು. ಪಾಸಾಗಿ ಆರು ತಿಂಗಳು ಆಗಿರಬೇಕಿತ್ತು, ನನಗೆ ಆದ ಮೇಲೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ನಾನೂ ಅರ್ಜಿ ಹಾಕಿದೆ. ದುಡ್ಡು ಬಂತು, ಕೋಚಿಂಗ್ ಪುಸ್ತಕಕ್ಕೆ ಆಯಿತು. ಜಗಳೂರಿನವನಿಗೆ ಫೋನ್ ಮಾಡಿ, "ನಿನ್ನ ಸಾಲು ವಾಪಸ್ ತಗೋತೀಯಾ?" ಅಂದೆ. "ಯಾಕೆ ತಗೋಬೇಕು, ನಾನು ಕೇಳಿದ್ದು ಕೆಲಸದ ಬಗ್ಗೆ ಅಲ್ವಾ?" ಅಂದ. ಅವನು ಹೇಳಿದ್ದು ಸರಿ ಅಂತಲೇ ನನಗೂ ಅನಿಸಿತು, ಮೂರು ಸಾವಿರ ಕೈಗೆ ಬಂದ ಮೇಲೂ.

ಅದೇ ಜನವರಿ 25ಕ್ಕೆ ಶೆಟ್ಟರ್ ಮತ್ತೆ ಬಿಜೆಪಿಗೆ ಮರಳಿದರು. ರಾತ್ರಿ ಹೊನ್ನಾಳಿಯವಳಿಂದ ಒಂದು ಫೋಟೊ ಬಂತು. ಹಳೆ ಶೀಟನ್ನು ಅವಳು ಮಡಚಿ ಮನೆಯಲ್ಲಿ ಇಟ್ಟುಕೊಂಡಿದ್ದಳು. ದಾರದಲ್ಲಿ ತೂಗುತ್ತಿದ್ದ ರಬ್ಬರು ಸವೆದು ಕಡಲೆಕಾಳಿನಷ್ಟಾಗಿತ್ತು, ‘ಆ’ ಪಟ್ಟಿಯಲ್ಲಿ ಒಂದು ಸಾಲು ಹೊಸದಾಗಿ ಅಳಿಸಿ ಬರೆದಿತ್ತು.